ಹಳೆ ಹಾಯಿದೋಣಿ, ನಾಲ್ಕು ಜನ, ಒಂದು ವರ್ಷ ಸಮುದ್ರ: ಮೊದಲು ಯಾವ ಕೆಲಸ ಹಿಡಿಯಲಿ?

ಚೋರ್ಲಾ_ದಾಟಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಕೂತು ಹಾಯಿದೋಣಿ ಬಗ್ಗೆ ಕೇಳುತ್ತಾನಲ್ಲ ಅಂತ ನಗುವವರು ಮೊದಲು ನಕ್ಕುಬಿಡಿ, ಆಮೇಲೆ ಉತ್ತರ ಕೊಡಿ.

ನಾನು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವನು. ಡೀಸೆಲ್, ಪಂಪು, ಪೈಪು ಗೊತ್ತು. ಹಾಯಿ, ಹಗ್ಗ, ಮಾಸ್ಟ್ (ಹಾಯಿ ಕಟ್ಟುವ ಕಂಬ) ಅಷ್ಟಾಗಿ ಗೊತ್ತಿಲ್ಲ. ಕಳೆದ ಚಳಿಗಾಲದಲ್ಲಿ ಗೋವಾದಲ್ಲಿ 34 ಅಡಿಯ ಫೈಬರ್ ಹಾಯಿದೋಣಿ ಕೊಂಡೆ. 1980ರ ದಶಕದ್ದು. ಒಂದು ಮಾಸ್ಟ್, ತಳದಲ್ಲಿ ಬೀಡು ಕಬ್ಬಿಣದ ಕೀಲ್ (ದೋಣಿ ಮಗುಚದಂತೆ ಹಿಡಿಯುವ ಭಾರದ ರೆಕ್ಕೆ), 27 ಎಚ್‌ಪಿ ಡೀಸೆಲ್ ಎಂಜಿನ್. ಬೆಲೆ ಇಲ್ಲಿ ಬರೆಯುವುದಿಲ್ಲ. ಮನೆಯವರೂ ಇಲ್ಲಿ ಓದುತ್ತಾರೆ.

ನಾನು, ಹೆಂಡತಿ, 11 ವರ್ಷದ ಮಗಳು, 8 ವರ್ಷದ ಮಗ. ಗೋವಾ, ಕಾರವಾರ, ಮಂಗಳೂರು, ಕೊಚ್ಚಿ. ಅಲ್ಲಿಂದ ಲಕ್ಷದ್ವೀಪ. ಎಲ್ಲ ಸರಿ ಹೋದರೆ ಮಾಲ್ಡೀವ್ಸ್. ನವೆಂಬರಿನಲ್ಲಿ ಹೊರಡಬೇಕು ಅಂತ ಆಸೆ. ಈಗ ಏಪ್ರಿಲ್ ಕೊನೆ. ದೋಣಿಯನ್ನು ನೀರಿನಿಂದ ಎತ್ತಿ ಯಾರ್ಡಿನಲ್ಲಿ ನಿಲ್ಲಿಸಿದ್ದೇನೆ.

ತಳದಲ್ಲಿ ಗುಳ್ಳೆಗಳಿವೆ, ಒಡೆದರೆ ಹುಳಿ ವಾಸನೆಯ ನೀರು ಬರುತ್ತದೆ. ಮಾಸ್ಟ್ ಪಕ್ಕ ಡೆಕ್ ಮೇಲೆ ಕಾಲಿಟ್ಟರೆ ಮೆತ್ತಗೆ ಅನ್ನಿಸುತ್ತದೆ. ಮಾಸ್ಟ್ ಹಿಡಿದ ತಂತಿಗಳ ವಯಸ್ಸು ಯಾರಿಗೂ ಗೊತ್ತಿಲ್ಲ. ವೈರಿಂಗ್ ನೋಡಿದರೆ ಅಳು ಬರುತ್ತದೆ. ದುಡ್ಡು ಇದೆ, ಆದರೆ ಎಲ್ಲ ಒಟ್ಟಿಗೆ ಮಾಡಿಸುವಷ್ಟು ಇಲ್ಲ. ಅಡುಗೆಮನೆ, ಹಾಸಿಗೆ, ಶೌಚಾಲಯ ಮೊದಲು ಅಂತ ಮನೆಯವರು. ನನ್ನ ಮನಸ್ಸು ಎಂಜಿನ್ ಕಡೆ. ನೀವೇನು ಹೇಳುತ್ತೀರಿ?

ಕರದಂಟು_ಪ್ರಿಯ (ಅಮೀನಗಡ)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ದೋಣಿ ಕೊಂಡಿರಲಿಲ್ಲ ಅಂತ ಕಾಣುತ್ತದೆ.

ಹಳೆ_ನಾವಿಕ (ಬೆಳಗಾವಿ)

ನಿಮ್ಮ ಮನಸ್ಸೂ ತಪ್ಪು ಜಾಗದಲ್ಲಿದೆ, ಮನೆಯವರದೂ ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ. ಎಂಜಿನ್ ನಿಂತರೆ ಹಾಯಿ ಇದೆ. ಹಾಸಿಗೆ ಗಟ್ಟಿಯಾದರೆ ಬೆನ್ನು ನೋಯುತ್ತದೆ, ಅಷ್ಟೇ. ಮಾಸ್ಟ್ ಮುರಿದು ಬಿದ್ದರೆ, ತಳದ ಒಂದು ವಾಲ್ವ್ ಕಿತ್ತು ಬಂದರೆ, ಆಗ ನಿಮ್ಮ ಹತ್ತಿರ ನಿಮಿಷಗಳು ಮಾತ್ರ ಇರುತ್ತವೆ.

ಮೊದಲು ಮಾಸ್ಟ್ ಇಳಿಸಿ. ಯಾರ್ಡಿನಲ್ಲಿ ಕ್ರೇನ್ ಇರುವಾಗಲೇ ಮಾಡಿಸಿ. ತಂತಿಗಳ ವಯಸ್ಸು ಗೊತ್ತಿಲ್ಲ ಅಂದರೆ ಹಳೆಯವು ಅಂತಲೇ ತಿಳಿಯಿರಿ. ಸ್ಟೇನ್‌ಲೆಸ್ ತಂತಿಯನ್ನು 10ರಿಂದ 15 ವರ್ಷಕ್ಕೆ ಬದಲಿಸುವುದು ರೂಢಿ. ನಮ್ಮ ಸೆಕೆ, ಉಪ್ಪುಗಾಳಿಯಲ್ಲಿ 10 ಅಂತಲೇ ಹಿಡಿಯಿರಿ. ತಂತಿಯ ಮೈ ಫಳಫಳ ಹೊಳೆಯುತ್ತದೆ. ಆದರೆ ಕೆಳಗಿನ ಫಿಟ್ಟಿಂಗಿನೊಳಗೆ ತಂತಿ ಹೋಗುವ ಕಡೆ ಉಪ್ಪುನೀರು ಇಳಿದು ನಿಂತಿರುತ್ತದೆ. ಮುರಿಯುವುದು ಅಲ್ಲಿಯೇ.

ಅದಕ್ಕಿಂತ ಮುಖ್ಯವಾದದ್ದು ಚೈನ್‌ಪ್ಲೇಟ್. ತಂತಿಯನ್ನು ದೋಣಿಯ ಒಡಲಿಗೆ ಕಟ್ಟುವ ಸ್ಟೀಲ್ ಪಟ್ಟಿಗಳು. ಡೆಕ್ ತೂರಿ ಕೆಳಗೆ ಹೋಗುತ್ತವೆ. ಕಣ್ಣಿಗೆ ಕಾಣುವ ಭಾಗ ಚೆನ್ನಾಗಿಯೇ ಇರುತ್ತದೆ. ಡೆಕ್ಕಿನೊಳಗೆ ಹುದುಗಿದ ಎರಡು ಇಂಚಿನಲ್ಲಿ ತುಕ್ಕು ಕೊರೆದಿರುತ್ತದೆ. ಸ್ಟೇನ್‌ಲೆಸ್‌ಗೆ ಗಾಳಿ ಬೇಕು. ಗಾಳಿ ತಾಗದೆ ಒದ್ದೆಯಾಗಿ ಕೂತರೆ ಅದರ ಮೇಲಿನ ರಕ್ಷಣೆಯ ಪದರ ಹೋಗುತ್ತದೆ. ಎಲ್ಲವನ್ನೂ ಬಿಚ್ಚಿ. ಒಂದನ್ನೂ ಬಿಡಬೇಡಿ.

ಉದ್ಯಮಬಾಗ_ಲೇಥ್ (ಬೆಳಗಾವಿ)

ಚೈನ್‌ಪ್ಲೇಟ್ ಬಿಚ್ಚಿ ಬೆಳಗಾವಿಗೆ ತನ್ನಿ ಸರ್. ಎರಡೂವರೆ ತಾಸಿನ ದಾರಿ. ಗೋವಾದಲ್ಲಿ ದೋಣಿ ಸಾಮಾನು ಅಂದರೆ ಸಾಕು, ರೇಟು ಮೂರು ಪಟ್ಟು. ನಮ್ಮಲ್ಲಿ ಅದು ಬರೀ ಸ್ಟೀಲ್ ಪಟ್ಟಿ.

ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಡೈ ಪೆನೆಟ್ರಂಟ್ ಟೆಸ್ಟ್ ಮಾಡುವವರು ಬೇಕಾದಷ್ಟು ಜನ. ಪಟ್ಟಿ ತೊಳೆದು ಕೆಂಪು ಬಣ್ಣ ಹೊಡೆಯುತ್ತೇವೆ. 10-20 ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪೌಡರ್ ಹೊಡೆಯುತ್ತೇವೆ. ಬಿರುಕು ಇದ್ದರೆ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಏರೋಸ್ಪೇಸ್ ಪಾರ್ಟುಗಳಿಗೆ ದಿನಾ ಮಾಡುವ ಕೆಲಸ ಇದು.

ಹೊಸದು ಮಾಡಿಸಿದರೆ 316 ಗ್ರೇಡ್ ಪ್ಲೇಟ್, 304 ಬೇಡ. 316ರಲ್ಲಿ ಶೇ 2-3 ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರಿಗೆ ತಡೆಯುವುದು ಅದೇ. ಅಂಗಡಿಯವರು ಮ್ಯಾಗ್ನೆಟ್ ಹಿಡಿದು "ನೋಡಿ ಅಂಟಲ್ಲ, 316" ಅಂತಾರೆ. 304ಕ್ಕೂ ಅಂಟಲ್ಲ! ಮಾಲಿಬ್ಡಿನಮ್ ಪತ್ತೆ ಮಾಡುವ ಟೆಸ್ಟಿನ ಹನಿ ಹಾಕಿ ನೋಡಬೇಕು, ಇಲ್ಲವೇ ಸ್ಟೀಲ್ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್ ಕೇಳಬೇಕು.

ಚೋರ್ಲಾ_ದಾಟಿ

@ಉದ್ಯಮಬಾಗ_ಲೇಥ್ ಇದೇ ನನಗೆ ಬೇಕಿದ್ದ ಮಾತು. ವೆಲ್ಡಿಂಗ್ ಮಾಡಿ ಕಿವಿ ಜೋಡಿಸುವುದೋ, ಇಡೀ ಪಟ್ಟಿ ಕತ್ತರಿಸುವುದೋ?

ಉದ್ಯಮಬಾಗ_ಲೇಥ್

ಒಂದೇ ಪ್ಲೇಟಿನಿಂದ ಕತ್ತರಿಸುವುದು. ವೆಲ್ಡ್ ಬೇಡ. ಎಲ್ಲಾದರೂ ಮಾಡಲೇಬೇಕು ಅಂದರೆ 316ಎಲ್ ತಗೊಳ್ಳಿ, ಅದರಲ್ಲಿ ಕಾರ್ಬನ್ ಕಡಿಮೆ, ವೆಲ್ಡ್ ಪಕ್ಕದಲ್ಲಿ ತುಕ್ಕು ಹಿಡಿಯುವುದು ಕಡಿಮೆ. ಅಂಚು ದುಂಡಗೆ ಮಾಡಿ ಪಾಲಿಶ್ ಹೊಡೆಯುತ್ತೇವೆ. ಅಂದಕ್ಕೆ ಅಲ್ಲ. ಗೀರು ಇದ್ದಲ್ಲಿಯೇ ತುಕ್ಕು ಕೂರುವುದು.

ಆಲಮಟ್ಟಿ_ಹಿನ್ನೀರು (ಬಾಗಲಕೋಟೆ)

ಒಂದು ಸಂದೇಹ. ಇಷ್ಟೆಲ್ಲ ಖರ್ಚು ಮಾಡುವ ಬದಲು ಆ ದೋಣಿಯನ್ನು ಆಲಮಟ್ಟಿ ಹಿನ್ನೀರಿಗೆ ತಂದು ಬಿಟ್ಟರೆ? ಉಪ್ಪಿಲ್ಲ, ಅಲೆ ಇಲ್ಲ. ನಾವೂ ಹತ್ತಬಹುದು.

ಕಾರವಾರದ_ಅಳಿಯ (ಬಾಗಲಕೋಟೆ)

ಬೇಸಿಗೆಯಲ್ಲಿ ನೀರು ಇಳಿದಾಗ ನಿಮ್ಮ ದೋಣಿ ಯಾರದೋ ಹೊಲದಲ್ಲಿ ಇರುತ್ತದೆ. ಕೀಲ್ ಆಳ ಎಷ್ಟು ಅಂತ ಕೇಳಿದ್ದೀರಾ?

ಚೋರ್ಲಾ ಸರ್, ನನ್ನ ಮಾವನ ಮನೆ ಕಾರವಾರ. ಮೀನುಗಾರಿಕೆ ಬೋಟಿನವರು. ಅವರು ಮೊದಲು ಕೇಳಿದ ಪ್ರಶ್ನೆ ಇದು: ಮಳೆಗಾಲದಲ್ಲಿ ಎಪಾಕ್ಸಿ ಕೆಲಸ ಹೇಗೆ ಮಾಡುತ್ತಾರೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಅವರ ಬೋಟುಗಳೂ ಮೇಲಿರುತ್ತವೆ. ಎಂಜಿನ್, ಬಲೆ, ಮರದ ಕೆಲಸ ಮಾಡುತ್ತಾರೆ. ಆದರೆ ತಳದ ಫೈಬರ್ ಕೆಲಸವನ್ನು ಒಣ ಹವೆ ಇರುವಾಗಲೇ ಮುಗಿಸುತ್ತಾರೆ. ಗಾಳಿಯಲ್ಲಿ ಇಷ್ಟು ತೇವ ಇದ್ದರೆ ಎಪಾಕ್ಸಿ ಮೇಲೆ ಜಿಡ್ಡು ಪದರ ಬರುತ್ತದೆ, ಮುಂದಿನ ಕೋಟ್ ಹಿಡಿಯುವುದಿಲ್ಲ.

ನಿಮ್ಮ ತಳದ ಗುಳ್ಳೆ ಅಂದರೆ ಆಸ್ಮೋಸಿಸ್, ಫೈಬರಿನೊಳಗೆ ನೀರು ಇಳಿದು ಏಳುವ ಗುಳ್ಳೆ. ಜೆಲ್‌ಕೋಟ್ (ಫೈಬರಿನ ಹೊರಗಿನ ನುಣುಪು ಪದರ) ಸುಲಿಯಬೇಕು, ಸಿಹಿನೀರಲ್ಲಿ ಮೇಲಿಂದ ಮೇಲೆ ತೊಳೆಯಬೇಕು, ತಿಂಗಳುಗಟ್ಟಲೆ ಒಣಗಿಸಬೇಕು. ಆಮೇಲೆ ಎಪಾಕ್ಸಿ ಕೋಟುಗಳು. ನವೆಂಬರ್ ಅಂತೀರಲ್ಲ, ಅದು ಹೇಗೆ ಆಗುತ್ತದೆ?

ಬಿಸಿಲೂರು (ವಿಜಯಪುರ)

ವಿಜಯಪುರಕ್ಕೆ ತನ್ನಿ! ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ನಮ್ಮಲ್ಲಿ 600 ಆಸುಪಾಸು. ಇಲ್ಲಿ ಹಪ್ಪಳ ಒಣಗಲು ಎಷ್ಟು ಹೊತ್ತು ಬೇಕು ಅಂತ ಯಾರನ್ನಾದರೂ ಕೇಳಿ. ನಿಮ್ಮ ದೋಣಿ ಗೋಳಗುಮ್ಮಟದ ಹಿಂದೆ ಒಂದು ಬೇಸಿಗೆ ನಿಂತರೆ ಖಡಕ್ ರೊಟ್ಟಿ ಆಗಿರುತ್ತದೆ.

ಉದ್ಯಮಬಾಗ_ಲೇಥ್

ತಮಾಷೆ ಅಂತ ಅಂದುಕೊಂಡಿರಿ, ನಾನು ಲೆಕ್ಕ ಹಾಕಿದೆ. 34 ಅಡಿ ದೋಣಿಯ ಅಗಲ 3.3 ಮೀಟರ್ ಇರಬಹುದು. ಲಾರಿಗೆ ಕಾನೂನಿನ ಮಿತಿ 2.6 ಮೀಟರ್. ಅಂದರೆ ಒ.ಡಿ.ಸಿ. (ಅಳತೆ ಮೀರಿದ ಸರಕಿನ) ಪರ್ಮಿಟ್, ಲೋ ಬೆಡ್ ಟ್ರೇಲರ್, ಮುಂದೊಂದು ಹಿಂದೊಂದು ಗಾಡಿ. ಚೋರ್ಲಾ ಘಾಟಿನ ತಿರುವುಗಳಲ್ಲಿ ಲೋ ಬೆಡ್ ತಿರುಗಿಸುವವನಿಗೆ ನಾನು ಮಾಲೆ ಹಾಕುತ್ತೇನೆ. ಆ ದುಡ್ಡಲ್ಲಿ ಯಾರ್ಡಿನಲ್ಲೇ ಶೆಡ್ ಕಟ್ಟಿ, ಒಳಗೆ ಡಿಹ್ಯುಮಿಡಿಫೈಯರ್ ಓಡಿಸಬಹುದು.

ಹಳೆ_ನಾವಿಕ

ಎಲ್ಲರೂ ಗುಳ್ಳೆಗೆ ಇಷ್ಟು ಹೆದರಬೇಡಿ. ಆಸ್ಮೋಸಿಸ್‌ನಿಂದ ಮುಳುಗಿದ ದೋಣಿಯನ್ನು ನಾನು ಕಂಡಿಲ್ಲ. ಗುಳ್ಳೆ ಸಣ್ಣದಿದ್ದರೆ ಒಂದೊಂದನ್ನೇ ಕೊರೆದು, ಒಣಗಿಸಿ, ತುಂಬಿದರೆ ಈ ಸಲಕ್ಕೆ ಸಾಕು. ಇಡೀ ತಳ ಸುಲಿಯುವುದು ಇನ್ನೊಂದು ವರ್ಷದ ಕೆಲಸ. ಅದಕ್ಕೆ ಸುರಿಯುವ ದುಡ್ಡು ಮಾಸ್ಟಿಗೆ, ಡೆಕ್ಕಿಗೆ ಹೋಗಲಿ.

ಡೆಕ್ ಮೆತ್ತಗಿದೆ ಅಂದಿರಲ್ಲ, ನನಗೆ ಚಿಂತೆ ಅದರದ್ದು. ಎರಡು ಫೈಬರ್ ಪದರದ ನಡುವೆ ಬಾಲ್ಸಾ ಮರ ಇರುತ್ತದೆ. ಸ್ಕ್ರೂ ತೂತಿನಿಂದ ನೀರು ಇಳಿದು ಮರ ಕೊಳೆತಿರುತ್ತದೆ. ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಇಡೀ ಡೆಕ್ ಬಡಿದು ನೋಡಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಕೊಳೆತ ಕಡೆ ಡಬ್ ಅನ್ನುತ್ತದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಚೈನ್‌ಪ್ಲೇಟ್ ಸುತ್ತ ಡಬ್ ಅಂದರೆ ಆ ಜಾಗ ಕತ್ತರಿಸಿ ತೆಗೆಯಲೇಬೇಕು.

ಕಾರವಾರದ_ಅಳಿಯ

ಒಪ್ಪುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಲಕ್ಷದ್ವೀಪಕ್ಕೆ ಹೋಗುವವರಿಗೆ "ಈ ಸಲಕ್ಕೆ ಸಾಕು" ಅನ್ನುವುದು ಎಷ್ಟು ಸರಿ?

ಹಳೆ_ನಾವಿಕ

ಮಕ್ಕಳಿದ್ದಾರೆ ಅಂತಲೇ ಹೇಳುತ್ತಿದ್ದೇನೆ. ದುಡ್ಡು ಒಂದೇ ಚೀಲದಲ್ಲಿದೆ. ಗುಳ್ಳೆಗೆ ಸುರಿದು ತಂತಿ ಹಳೆಯದೇ ಉಳಿಸಿದರೆ ಯಾವ ಮಕ್ಕಳಿಗೆ ಒಳ್ಳೆಯದು?

ಟಿಳಕವಾಡಿ_ಟೀಚರ್ (ಬೆಳಗಾವಿ)

ನಾನೇ ಆ "ಮನೆಯವರು". ಓದಿದೆ. ಬೆಲೆ ನನಗೆ ಯಾವತ್ತೋ ಗೊತ್ತಾಗಿದೆ, ಬ್ಯಾಂಕಿನ ಮೆಸೇಜ್ ನನ್ನ ಫೋನಿಗೂ ಬರುತ್ತದೆ.

ಅಡುಗೆಮನೆ, ಶೌಚಾಲಯ ಅಂದದ್ದನ್ನು ಇವರು ಸೋಫಾ ಕೇಳಿದ ಹಾಗೆ ಬರೆದಿದ್ದಾರೆ. ನಾನು ಕೇಳಿದ್ದು ಮೂರೇ. ಅಲೆಯಲ್ಲಿ ಅಡುಗೆ ಮಾಡುವಾಗ ಬಿಸಿ ಎಣ್ಣೆ ಮಕ್ಕಳ ಮೇಲೆ ಬೀಳಬಾರದು. ಗ್ಯಾಸ್ ಸೋರಬಾರದು. ಶೌಚಾಲಯದ ವಾಲ್ವ್ ತಿರುಗಿಸಲು ಬರಬೇಕು, ಈಗ ಅದು ಜಾಮ್ ಆಗಿ ಕೂತಿದೆ. ಇದು ಸುರಕ್ಷತೆ ಅಲ್ವಾ ಹಳೆ ನಾವಿಕರೇ?

ಹಳೆ_ನಾವಿಕ

ನೂರಕ್ಕೆ ನೂರು ತಾಯಿ. ಮಾತು ವಾಪಸ್ ತಗೊಂಡೆ.

ಕರದಂಟು_ಪ್ರಿಯ

ಚೋರ್ಲಾ ಸರ್ ಆನ್‌ಲೈನ್ ಇದ್ದಾರೆ ಅಂತ ತೋರಿಸುತ್ತಿದೆ, ಮಾತಾಡುತ್ತಿಲ್ಲ.

ಉದ್ಯಮಬಾಗ_ಲೇಥ್

ಅಕ್ಕಾ, ಆ ಜಾಮ್ ಆದ ವಾಲ್ವ್ ಹಿತ್ತಾಳೆಯದೇ ನೋಡಿ. ಮಾಮೂಲಿ ಹಿತ್ತಾಳೆಯಲ್ಲಿ ಶೇ 40ರ ತನಕ ಸತು ಇರುತ್ತದೆ. ಉಪ್ಪುನೀರು ಆ ಸತುವನ್ನು ತಿಂದುಹಾಕುತ್ತದೆ. ಉಳಿಯುವುದು ಗುಲಾಬಿ ಬಣ್ಣದ ಪುಡಿ ತಾಮ್ರ. ನೋಡಲು ವಾಲ್ವ್ ಹಾಗೆಯೇ ಇರುತ್ತದೆ, ಕಾಲಿನಲ್ಲಿ ಒದ್ದರೆ ಮುರಿಯುತ್ತದೆ. ನೀರಿನ ಮಟ್ಟದ ಕೆಳಗೆ ಅದು ಇರಲೇಬಾರದು. ಕಂಚು ಅಥವಾ ಗನ್‌ಮೆಟಲ್ ಹಾಕಿ. 85-5-5-5 ಅಂತ ಕೇಳಿ: ತಾಮ್ರ 85, ತವರ, ಸತು, ಸೀಸ ತಲಾ 5. ನಮ್ಮೂರಿನ ಫೌಂಡ್ರಿಗಳು ಹೆಚ್ಚಾಗಿ ಬೀಡಿನವು. ಆದರೂ ಗನ್‌ಮೆಟಲ್ ಎರಕ ಹೊಯ್ಯುವವರು ಇದ್ದಾರೆ.

ಪ್ರತಿ ವಾಲ್ವಿನ ಪಕ್ಕ ಒಂದು ಮೆತ್ತನೆ ಮರದ ಬೆಣೆ ಕಟ್ಟಿಡಿ. ವಾಲ್ವ್ ಕಿತ್ತುಬಂದರೆ ತೂತಿಗೆ ಬಡಿಯಲು.

ಚೋರ್ಲಾ_ದಾಟಿ

ಇದ್ದೇನೆ ಇದ್ದೇನೆ. ವಾಲ್ವ್ ನಾನೇ ನೋಡಬೇಕಿತ್ತು ಅಂತ ಮನೆಯಲ್ಲಿ ಈಗಾಗಲೇ ಹೇಳಿಸಿಕೊಂಡಾಯಿತು.

ಗ್ಯಾಸ್ ಬಗ್ಗೆ ನನ್ನ ಯೋಚನೆ ಹೀಗಿದೆ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದ ಸ್ವಲ್ಪವಾದರೂ ಹೊರಗೆ ಹೋಗಬಹುದು. ದೋಣಿಯಲ್ಲಿ ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ, ಎಂಜಿನ್ ಸ್ಟಾರ್ಟರಿನ ಒಂದು ಕಿಡಿ ಸಾಕು. ಸಿಲಿಂಡರನ್ನು ಹೊರಗೆ, ತಳದಲ್ಲಿ ಸಮುದ್ರದ ಕಡೆ ತೂತು ಇರುವ ಪೆಟ್ಟಿಗೆಯಲ್ಲಿ ಇಡಬೇಕು. 5 ಕೆ.ಜಿ. ಸಿಲಿಂಡರ್ ಹಿಡಿಯುತ್ತದೆ. ಸ್ಟೌವ್ ತೂಗುವ ಚೌಕಟ್ಟಿನ ಮೇಲೆ.

ಖಾನಾಪುರ_ಕಾಡು (ಖಾನಾಪುರ)

ದೋಣಿಗೆ ಹೆಸರು ಇಟ್ಟಿದ್ದೀರಾ? ನೌಕಾಪಡೆಯ "ಮ್ಹಾದೇಯಿ" ಹಾಯಿದೋಣಿಗೆ ನಮ್ಮ ಮಹದಾಯಿ ನದಿಯ ಹೆಸರು. ಗೋವಾದ ದಿವಾರ್ ದ್ವೀಪದಲ್ಲಿ ಕಟ್ಟಿದ್ದು, 2009ರಲ್ಲಿ ನೌಕಾಪಡೆ ಸೇರಿತು. ಅದರಲ್ಲೇ ದಿಲೀಪ್ ದೋಂಡೆ ಒಬ್ಬರೇ ಭೂಮಿ ಸುತ್ತಿದರು. ಆಮೇಲೆ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ನದಿ ಹುಟ್ಟುವುದು ನಮ್ಮ ಖಾನಾಪುರ ತಾಲೂಕಿನಲ್ಲಿ. ಸಮುದ್ರವೇ ಇಲ್ಲದ ಜಿಲ್ಲೆಯ ನದಿ ಪ್ರಪಂಚ ಸುತ್ತಿದೆ!

ಬಿಸಿಲೂರು

ನದಿ ಪ್ರಪಂಚ ಸುತ್ತಿತು, ಮಲಪ್ರಭೆಗೆ ಮಾತ್ರ ಬರಲಿಲ್ಲ.

ಖಾನಾಪುರ_ಕಾಡು

ಬಂದರೆ ನಮ್ಮ ಕಾಡಿನ ಕಥೆ ಏನಾಗುತ್ತದೆ ಅಂತ ಕೇಳಿದ್ದೀರಾ?

ನಿರ್ವಾಹಕ

ಕಳಸಾ-ಬಂಡೂರಿಗೆ ಬೇರೆ ಚರ್ಚೆ ನಡೆಯುತ್ತಿದೆ, ಅಲ್ಲಿ ಹೋಗಿ ಜಗಳಾಡಿ. ಇಲ್ಲಿ ದೋಣಿ.

ಬಿಸಿಲೂರು

ಸರಿ, ದೋಣಿಗೇ ಬರುತ್ತೇನೆ. ನಾನು ಹೊಲಗಳಿಗೆ ಸೋಲಾರ್ ಪಂಪ್ ಹಾಕುವವನು. ವೈರಿಂಗ್ ವಿಷಯದಲ್ಲಿ ಒಂದೇ ಮಾತು: ಹಳೆಯದನ್ನು ಪೂರ್ತಿ ಕಿತ್ತುಹಾಕಿ. ತವರ ಲೇಪಿಸಿದ ತಾಮ್ರದ ವೈರ್ ಹಾಕಿ. ಮಾಮೂಲಿ ಮನೆ ವೈರ್ ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗುತ್ತದೆ.

ಲೆಕ್ಕ ಹೇಳುತ್ತೇನೆ. ಫ್ರಿಜ್ ದಿನಕ್ಕೆ 50 ಆಂಪ್ ಅವರ್, ಆಟೋಪೈಲಟ್ 40-50, ಲೈಟು, ರೇಡಿಯೋ, ಫೋನು 20. ಒಟ್ಟು 120. 400 ವಾಟ್ ಪ್ಯಾನೆಲ್ ಇಟ್ಟರೆ, ಮಾಸ್ಟ್ ನೆರಳು, ಮೋಡ ಎಲ್ಲ ಕಳೆದು ದಿನಕ್ಕೆ 1.6 ಯೂನಿಟ್. 12 ವೋಲ್ಟ್ ಬ್ಯಾಟರಿಗೆ ಅದು ಸುಮಾರು 125 ಆಂಪ್ ಅವರ್. ಸರಿಸಮ. ಎರಡು ದಿನ ಮೋಡ ಕವಿದರೆ ಫ್ರಿಜ್ ಆರಿಸಬೇಕು. ಲಿಥಿಯಂ ಐರನ್ ಫಾಸ್ಫೇಟ್ 200 ಆಂಪ್ ಅವರ್ ಬ್ಯಾಟರಿ ತಗೊಳ್ಳಿ. ಲೆಡ್ ಆ್ಯಸಿಡ್ ಆದರೆ ಅರ್ಧ ಮಾತ್ರ ಬಳಸಬಹುದು, ಭಾರವೂ ಜಾಸ್ತಿ. ಆದರೆ ಲಿಥಿಯಂ ಅನ್ನು ನೇರ ಎಂಜಿನ್ ಆಲ್ಟರ್ನೇಟರಿಗೆ ಕಟ್ಟಬೇಡಿ. ಅದು ಬಿಡದೆ ಕರೆಂಟ್ ಎಳೆದು ಆಲ್ಟರ್ನೇಟರ್ ಸುಟ್ಟುಹಾಕುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಇರಬೇಕು. ನನ್ನ ಪರಿಚಯದವರೊಬ್ಬರ ಕ್ಯಾಂಪರ್ ವ್ಯಾನಿಗೆ ಒಂದು ಅಂಗಡಿಯವರು ನೇರ ಕಟ್ಟಿಕೊಟ್ಟಿದ್ದರು. ಘಟ್ಟ ಹತ್ತುವಾಗಲೇ ಹೊಗೆ.

ಜುಮನಾಳ_ಜೋಳ (ವಿಜಯಪುರ)

ಕುಡಿಯುವ ನೀರಿಗೆ ಏನು ಮಾಡುತ್ತೀರಿ? ನಮ್ಮ ಮನೆಯಲ್ಲಿ ಆರ್‌ಒ ಇದೆ, ಬೋರ್‌ವೆಲ್ಲಿನ ಸವಳು ನೀರನ್ನು ಚೆನ್ನಾಗಿ ಸಿಹಿ ಮಾಡುತ್ತದೆ. ಅಂಥದ್ದೇ ಒಂದು ಇಟ್ಟರೆ ಆಯಿತಲ್ಲ.

ಚೋರ್ಲಾ_ದಾಟಿ

ಆಗುವುದಿಲ್ಲ ರೀ. ನಿಮ್ಮ ಬೋರ್‌ವೆಲ್ಲಿನ ನೀರಲ್ಲಿ ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಇರಬಹುದು. ಸಮುದ್ರದಲ್ಲಿ 35 ಗ್ರಾಂ. ಮನೆ ಆರ್‌ಒ ಪಂಪು 6-7 ಬಾರ್ ಒತ್ತಡ ಕೊಡುತ್ತದೆ. ಸಮುದ್ರದ ನೀರನ್ನು ಪೊರೆಯಿಂದ ದಾಟಿಸಲು 55-60 ಬಾರ್ ಬೇಕು. ಹಡಗಿನಲ್ಲಿ ನಾನು ನೋಡಿಕೊಂಡ ಯಂತ್ರಗಳೇ ಅವು. ದೋಣಿಗೆ ಸಣ್ಣವು ಸಿಗುತ್ತವೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ನಮ್ಮ ಟ್ಯಾಂಕು 200 ಲೀಟರ್. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ ನಾಲ್ವರಿಗೆ 12 ದಿನ. ಸ್ನಾನ ಸಮುದ್ರದ ನೀರಲ್ಲಿ, ಕೊನೆಗೆ ಒಂದು ಚೆಂಬು ಸಿಹಿನೀರು. ಕ್ಯಾನುಗಳಲ್ಲಿ ಇನ್ನೊಂದು 100 ಲೀಟರ್ ಬೇರೆ ಇಡುತ್ತೇವೆ. ಟ್ಯಾಂಕ್ ಸೋರಿದರೂ ಕ್ಯಾನ್ ಉಳಿಯುತ್ತದೆ.

ಜುಮನಾಳ_ಜೋಳ

ಸ್ನಾನಕ್ಕೆ ಒಂದು ಚೆಂಬು! ನಮ್ಮೂರಲ್ಲಿ ಬೇಸಿಗೆಯಲ್ಲಿ ಬೆಳೆದವರು ನಿಮ್ಮ ದೋಣಿಗೆ ಸರಿ.

ಇಳಕಲ್_ಸೆರಗು (ಬಾಗಲಕೋಟೆ)

ಊಟದ ವಿಷಯ ಯಾರೂ ಎತ್ತಿಲ್ಲ ಅಂತ ಬರೆಯುತ್ತಿದ್ದೇನೆ. ಟೀಚರ್ ಅಕ್ಕಾ, ಖಡಕ್ ಜೋಳದ ರೊಟ್ಟಿ ಎಷ್ಟು ಬೇಕಾದರೂ ಒಯ್ಯಿರಿ. ಬೇಯಿಸುವ ಗೋಜಿಲ್ಲ, ಗ್ಯಾಸ್ ಉಳಿಯುತ್ತದೆ. ಆದರೆ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಸಮುದ್ರದ ಗಾಳಿಗೆ ಮೆತ್ತಗಾಗಿ ಬೂಸಲು ಹಿಡಿಯುತ್ತದೆ. ರಬ್ಬರ್ ಮುಚ್ಚಳದ ಡಬ್ಬಿಗಳಲ್ಲಿ, ಪ್ರತಿ ಡಬ್ಬಿಗೆ ಎರಡು ಮೂರು ದಿನದ್ದು ಮಾತ್ರ ಹಾಕಿ. ಒಂದು ಡಬ್ಬಿ ಕೆಟ್ಟರೂ ಉಳಿದದ್ದು ಚೆನ್ನಾಗಿರುತ್ತದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಅಗಸಿ, ಗುರೆಳ್ಳು ಬೇಗ ಕಮಟು ವಾಸನೆ ಬರುತ್ತವೆ, ಮೊದಲು ಅವನ್ನು ಮುಗಿಸಿ. ಕುಂದಾ ಒಯ್ಯಬೇಡಿ, ತಡೆಯುವುದಿಲ್ಲ. ಕರದಂಟು ಒಯ್ಯಿರಿ.

ಕರದಂಟು_ಪ್ರಿಯ

ಕೊನೆಗೂ ಈ ಚರ್ಚೆಯಲ್ಲಿ ಒಬ್ಬರು ಬುದ್ಧಿವಂತರು ಬಂದರು. ಅಮೀನಗಡದ್ದೇ ತಗೊಳ್ಳಿ.

ಖಾನಾಪುರ_ಕಾಡು

ಗೋಕಾಕದ್ದು.

ಕರದಂಟು_ಪ್ರಿಯ

ನಿರ್ವಾಹಕರೇ, ಇದಕ್ಕೂ ಬೇರೆ ಚರ್ಚೆ ತೆರೆಯಿರಿ.

ಇಳಕಲ್_ಸೆರಗು

ಇನ್ನೊಂದು ಮಾತು, ಹಾಯಿ ಬಗ್ಗೆ. ನಾನು ತಾಡಪತ್ರಿ, ಶಾಮಿಯಾನ ಹೊಲಿಸುವ ಕೆಲಸ ಮಾಡುತ್ತೇನೆ. ಹಾಯಿಬಟ್ಟೆ ಚೆನ್ನಾಗಿದ್ದರೂ ಮೊದಲು ಸಾಯುವುದು ಹೊಲಿಗೆಯ ದಾರ. ಬಿಸಿಲಿಗೆ ಸುಟ್ಟಿರುತ್ತದೆ. ಉಗುರಿನಿಂದ ಕೆರೆದು ನೋಡಿ, ಪುಡಿಯಾದರೆ ಇಡೀ ಹೊಲಿಗೆ ಮತ್ತೆ ಹಾಕಿಸಬೇಕು. ಬಿಸಿಲಿಗೆ ಜಗ್ಗದ ಪಿಟಿಎಫ್‌ಇ ದಾರ ಬರುತ್ತದೆ, ದುಬಾರಿ. ಜಿಗ್‌ಜಾಗ್ ಹೊಲಿಗೆಯೇ ಹಾಕಿಸಿ. ನೇರ ಹೊಲಿಗೆ ಬಟ್ಟೆ ಜಗ್ಗಿದಾಗ ಹರಿಯುತ್ತದೆ. ಬಟ್ಟೆಯೇ ಕಾಗದದಂತೆ ಹರಿದರೆ ಮಾತ್ರ ಹೊಸ ಹಾಯಿ.

ಡಾ_ಗುಮ್ಮಟ (ವಿಜಯಪುರ)

ಮಕ್ಕಳ ಬಗ್ಗೆ ಎರಡು ಮಾತು. ದೋಣಿಯಲ್ಲಿ ವಾಂತಿ ಯಾರಿಗಾದರೂ ಬರಬಹುದು. ಹೊರಡುವ ಹಿಂದಿನ ದಿನದಿಂದಲೇ ಔಷಧ ಶುರು ಮಾಡಿದರೆ ಉಪಯೋಗ. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಡೋಸ್ ತೂಕದ ಮೇಲೆ, ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ. ಒಆರ್‌ಎಸ್ ಪ್ಯಾಕೆಟ್ ಧಾರಾಳವಾಗಿ ಇಡಿ. ಸಣ್ಣ ಮಗು ವಾಂತಿ ಮಾಡಿಕೊಂಡು ನೀರು ಕಳೆದುಕೊಳ್ಳುವುದು ದೊಡ್ಡವರಿಗಿಂತ ಬೇಗ.

ಶಾಲೆಗೆ? ಟೀಚರ್ ಅವರೇ ಇದ್ದಾರೆ, ಆದರೂ ಕೇಳುತ್ತೇನೆ.

ಟಿಳಕವಾಡಿ_ಟೀಚರ್

ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಹೆಸರು ಹಚ್ಚುವ ಯೋಚನೆ ಇದೆ. ಅಲ್ಲಿ ಸಣ್ಣವರಿಗೂ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ. ಮಗಳಿಗೆ ನಕ್ಷೆ ಓದುವುದು, ಉಬ್ಬರ ಇಳಿತದ ಲೆಕ್ಕ ನಾನು ಈಗಲೇ ಹಚ್ಚಿದ್ದೇನೆ. ಅವಳ ಅಪ್ಪನಿಗಿಂತ ಬೇಗ ಕಲಿಯುತ್ತಿದ್ದಾಳೆ. ಇಬ್ಬರೂ ಮಕ್ಕಳು ಈಜುತ್ತಾರೆ. ಆದರೂ ಡೆಕ್ ಮೇಲೆ ಲೈಫ್ ಜಾಕೆಟ್, ಬೆಲ್ಟು ಕಟ್ಟದೆ ಬರುವಂತಿಲ್ಲ. ಈ ನಿಯಮ ದೊಡ್ಡವರಿಗೂ.

ಹಳೆ_ನಾವಿಕ

ಶಹಬ್ಬಾಸ್. ಮುಂದಿನಿಂದ ಹಿಂದಿನ ತನಕ ಡೆಕ್ ಮೇಲೆ ಜಾಕ್‌ಲೈನ್ ಪಟ್ಟಿ ಎಳೆದು ಬೆಲ್ಟನ್ನು ಅದಕ್ಕೆ ಸಿಕ್ಕಿಸಿ. ಕಂಬಿಗಳಿಗೆ ಬಲೆ ಕಟ್ಟಿ.

ಇನ್ನು ಸಂಪರ್ಕ. ವಿಎಚ್‌ಎಫ್ ರೇಡಿಯೋ, ತುರ್ತು ಕರೆಯ ಚಾನೆಲ್ 16 ಸದಾ ತೆರೆದಿರಲಿ. ಎಐಎಸ್ (ನಿಮ್ಮ ದೋಣಿ ಎಲ್ಲಿದೆ ಅಂತ ರೇಡಿಯೋದಲ್ಲಿ ಸಾರುವ ಯಂತ್ರ) ಹಾಕಿ, ದೊಡ್ಡ ಹಡಗಿಗೆ ನೀವು ಕಾಣಬೇಕು. 406 ಮೆಗಾಹರ್ಟ್ಜ್‌ನ ಇಪರ್ಬ್ (ಅಪಾಯದಲ್ಲಿ ಸಂಕೇತ ಕಳಿಸುವ ಸಾಧನ) ತಗೊಂಡು ನಿಮ್ಮ ಹೆಸರಲ್ಲಿ ನೋಂದಣಿ ಮಾಡಿಸಿ. ಅದರ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬರುತ್ತದೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ. ನೋಂದಣಿ ಇಲ್ಲದಿದ್ದರೆ ಅದು ಯಾರ ದೋಣಿ, ಎಷ್ಟು ಜನ ಅಂತ ಅವರಿಗೆ ಗೊತ್ತಾಗುವುದಿಲ್ಲ. ಕೋಸ್ಟ್ ಗಾರ್ಡ್ ನಂಬರ್ 1554.

ಸ್ಯಾಟಲೈಟ್ ಫೋನ್ ವಿದೇಶದಿಂದ ತರಿಸಬೇಡಿ. ಲೈಸೆನ್ಸ್ ಇಲ್ಲದೆ ಅದು ಅಪರಾಧ, ಕೈಯಲ್ಲಿ ಸಿಕ್ಕರೆ ಪೊಲೀಸ್ ಕೇಸ್.

ಆಲಮಟ್ಟಿ_ಹಿನ್ನೀರು

ಹಾಯಿ ನಡೆಸಲು ಎಲ್ಲಿ ಕಲಿಯುವುದು? ಚೋರ್ಲಾ ಸರ್ ಕಲಿತಿದ್ದಾರಾ, ಸುಮ್ನೆ ಕೊಂಡಿದ್ದಾರಾ?

ಚೋರ್ಲಾ_ದಾಟಿ

ಗೋವಾದಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವಾಟರ್ ಸ್ಪೋರ್ಟ್ಸ್ ಇದೆ, ಕೇಂದ್ರ ಸರ್ಕಾರದ್ದು. ಸ್ನೇಹಿತರ ದೋಣಿಯಲ್ಲಿ ಕೈಯಾಳಾಗಿ ಹೋಗುತ್ತಿದ್ದೇನೆ. ಮಳೆ ನಿಂತ ಮೇಲೆ ಮನೆಯವರೂ ಮಗಳೂ ಕೋರ್ಸ್ ಸೇರುತ್ತಾರೆ. ನಾನು ಮಲಗಿದಾಗ ದೋಣಿ ನಡೆಸುವವರು ಬೇಕಲ್ಲ.

ಕಾರವಾರದ_ಅಳಿಯ

ಮಲಗಿದಾಗ ಅಂದಿರಲ್ಲ, ಅದೇ ದೊಡ್ಡ ವಿಷಯ. ಮರ್ಮಗೋವಾದಿಂದ ಕಾರವಾರ ಸುಮಾರು 40 ನಾಟಿಕಲ್ ಮೈಲಿ, 5 ನಾಟ್ ವೇಗದಲ್ಲಿ 8 ತಾಸು. ಬೆಳಕಿದ್ದಾಗಲೇ ಮುಗಿಯುತ್ತದೆ. ಕಾರವಾರದಿಂದ ಮಂಗಳೂರು 120 ದಾಟುತ್ತದೆ, ಒಂದು ರಾತ್ರಿ ಬೇಕೇ ಬೇಕು. ರಾತ್ರಿ ಕರಾವಳಿಯಲ್ಲಿ ದೀಪವಿಲ್ಲದ ಬಲೆಗಳು. ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ನಿಮಗೂ ನಷ್ಟ, ಬಲೆಯವನಿಗೂ ನಷ್ಟ. ದಂಡೆಗೆ ಹತ್ತಿರ ಹೋಗದೆ ಹೊರಗಿನಿಂದ ಹೋಗಿ. ಕಾರವಾರದಲ್ಲಿ ನೌಕಾನೆಲೆ ಇದೆ, ಅಂಜುದೀವ್ ದ್ವೀಪದ ಕಡೆ ಸುಳಿಯಬೇಡಿ. ದೇವಬಾಗ ಕಡೆ ಲಂಗರು ಹಾಕುವ ಮುಂಚೆ ಬಂದರಿನವರನ್ನು ಕೇಳಿ.

ಚಳಿಗಾಲದಲ್ಲಿ ಬೆಳಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದ ಸಮುದ್ರ ಗಾಳಿ. ದಕ್ಷಿಣಕ್ಕೆ ಹೋಗುವುದು ಸುಖ. ವಾಪಸ್ ಉತ್ತರಕ್ಕೆ ಬರುವಾಗ ಅದೇ ಗಾಳಿ ಮೂಗಿಗೆ ಬಡಿಯುತ್ತದೆ. ಮಾವ ಹೇಳಿದ್ದು: ಹೋಗುವ ದಿನದ ಎರಡರಷ್ಟು ಬರಲು ಇಟ್ಟುಕೊಳ್ಳಲಿ.

ಕೊಚ್ಚಿಯಿಂದ ಮಿನಿಕಾಯ್ ಸುಮಾರು 400 ಕಿ.ಮೀ., ಎರಡು ರಾತ್ರಿ. ನವೆಂಬರ್, ಡಿಸೆಂಬರಿನಲ್ಲಿ ಚಂಡಮಾರುತದ ಕಾಲ ಇನ್ನೂ ಮುಗಿದಿರುವುದಿಲ್ಲ. 2017ರಲ್ಲಿ ಓಖಿ ಬಂದದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ, ಲಕ್ಷದ್ವೀಪದ ಮೇಲೆಯೇ ಹೋಯಿತು. ಜನವರಿ, ಫೆಬ್ರವರಿ ಒಳ್ಳೆಯದು. ಪರ್ಮಿಟ್ ಇಲ್ಲದೆ ಲಕ್ಷದ್ವೀಪದಲ್ಲಿ ಕಾಲಿಡುವಂತಿಲ್ಲ, ಅದನ್ನು ಮೊದಲೇ ನೋಡಿ.

ಚೋರ್ಲಾ_ದಾಟಿ

ಎಲ್ಲ ಓದಿ, ಮನೆಯಲ್ಲಿ ಕೂತು ಮಾತಾಡಿ, ಹೀಗೆ ಮಾಡುತ್ತೇವೆ.

ಮೇ ತಿಂಗಳೊಳಗೆ ಮಾಸ್ಟ್ ಇಳಿಯುತ್ತದೆ. ಚೈನ್‌ಪ್ಲೇಟ್, ವಾಲ್ವ್, ಡೆಕ್ ಫಿಟ್ಟಿಂಗ್ ಎಲ್ಲ ಬಿಚ್ಚಿ ಬೆಳಗಾವಿಗೆ. ದೋಣಿಗೆ ಟಾರ್ಪಾಲಿನ್ ಶೆಡ್. ಮಳೆಗಾಲ ಪೂರ್ತಿ ಉದ್ಯಮಬಾಗದ ಕೆಲಸ, ಒಳಗಿನ ವೈರಿಂಗ್, ಸ್ಟೌವ್, ಶೌಚಾಲಯ. ಅಕ್ಟೋಬರಿನಲ್ಲಿ ಗುಳ್ಳೆ ಕೊರೆದು ಒಣಗಲು ಬಿಡುವುದು, ಕೊಳೆತ ಡೆಕ್ ಕತ್ತರಿಸುವುದು. ತಳ ಪೂರ್ತಿ ಸುಲಿಯುವುದು ಈ ವರ್ಷ ಇಲ್ಲ. ಆ ದುಡ್ಡಿನಲ್ಲಿ ತಂತಿ ಎಲ್ಲ ಹೊಸದು. ನೀರಿಗೆ ಇಳಿಸುವುದು ಜನವರಿ. ಈ ಸೀಸನ್ ಕೊಚ್ಚಿ ತನಕ ಮಾತ್ರ, ಮಳೆಗಾಲಕ್ಕೆ ದೋಣಿ ಅಲ್ಲಿಯೇ ಬೊಳ್ಗಾಟಿ ಮರೀನಾದಲ್ಲಿ. ಲಕ್ಷದ್ವೀಪ ಅದರ ಮುಂದಿನ ವರ್ಷ. ಮಾಲ್ಡೀವ್ಸ್ ಬಗ್ಗೆ ಸದ್ಯ ಮನೆಯಲ್ಲಿ ಮಾತಾಡುವಂತಿಲ್ಲ.

ಟಿಳಕವಾಡಿ_ಟೀಚರ್

ಒಂದು ಬಿಟ್ಟಿದ್ದಾರೆ. ಕಾರವಾರ ಮುಟ್ಟಿದ ಮೇಲೆ ಮಕ್ಕಳಿಗೆ ಬೇಡ ಅನ್ನಿಸಿದರೆ ಬಸ್ ಹತ್ತಿ ಮನೆಗೆ ಬರುತ್ತೇವೆ. ದೋಣಿಯನ್ನು ಇವರು ತರುತ್ತಾರೆ. ಒಪ್ಪಿದ ಮೇಲೆಯೇ ನಾನು ಹೂಂ ಅಂದದ್ದು.

ಕಾರವಾರದ_ಅಳಿಯ

ಬಸ್ ಏಕೆ ಅಕ್ಕಾ, ಮಾವನ ಮನೆ ಇದೆ. ಮೀನು ತಿನ್ನದಿದ್ದರೂ ಪರವಾಗಿಲ್ಲ, ಬನ್ನಿ.

ಬಿಸಿಲೂರು

ಜನವರಿಗೆ ಇಳಿಸುವುದಾದರೆ ಪ್ಯಾನೆಲ್ ಈಗಲೇ ಕೊಳ್ಳಬೇಡಿ. ಪ್ಯಾನೆಲ್ ಕೂರಿಸುವ, ದೋಣಿಯ ಹಿಂಭಾಗದ ಕಮಾನಿನ ಅಳತೆ ಸಿಕ್ಕ ಮೇಲೆ ತಗೊಳ್ಳಿ.

ಉದ್ಯಮಬಾಗ_ಲೇಥ್

ಚೈನ್‌ಪ್ಲೇಟ್ ತರುವಾಗ ಬೋಲ್ಟು, ನಟ್ಟು, ಹಿಂದಿನ ಪ್ಲೇಟು ಸಮೇತ ತನ್ನಿ. ತೊಳೆಯಬೇಡಿ, ತುಕ್ಕಿನ ಗುರುತು ಇದ್ದ ಹಾಗೆಯೇ ಇರಲಿ, ಎಲ್ಲಿ ನೀರು ನಿಂತಿತ್ತು ಅಂತ ಗೊತ್ತಾಗಬೇಕು. ಪ್ರತಿಯೊಂದಕ್ಕೂ ಎಡ, ಬಲ, ಮುಂದೆ, ಹಿಂದೆ ಅಂತ ಚೀಟಿ ಕಟ್ಟಿ. ಬಾಗಿದ ಕೋನ ಎಲ್ಲದರದ್ದೂ ಒಂದೇ ಇರುವುದಿಲ್ಲ. ಬರುವ ಮುಂಚೆ ಮೆಸೇಜ್ ಹಾಕಿ, ಪ್ಲೇಟ್ ತರಿಸಿ ಇಟ್ಟಿರುತ್ತೇನೆ.